ವಿಂಡೋಸ್‌ಗೆ ಯಾವ ಎಸ್‌ಎಸ್‌ಎಚ್ ಕ್ಲೈಂಟ್? ಪುಟ್ಟಿಯಿಂದ ಡಬ್ಲ್ಯುಎಸ್‌ಎಲ್‌ವರೆಗೆ

ವಿಂಡೋಸ್ ಲ್ಯಾಪ್‌ಟಾಪ್‌ನಿಂದ ಲಿನಕ್ಸ್ ಸರ್ವರ್‌ಗೆ ಹೋಗಬೇಕು, ಏನು ಹಾಕಿಕೊಳ್ಳಲಿ ಅಂತ ಯಾರನ್ನಾದರೂ ಕೇಳಿ ನೋಡಿ. ಇದಕ್ಕೆ ಬೇಕಾದ್ದು ಎಸ್‌ಎಸ್‌ಎಚ್ ಕ್ಲೈಂಟ್, ಅಂದರೆ ದೂರದ ಮಷೀನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಿ ಕಮಾಂಡ್ ಹೊಡೆಯುವ ಪ್ರೋಗ್ರಾಂ. ‘ಪುಟ್ಟಿ ಹಾಕ್ಕೊಳ್ಳಿ’ ಅನ್ನುವ ಉತ್ತರ ಥಟ್ಟನೆ ಬರುತ್ತದೆ. ಹತ್ತು ವರ್ಷದ ಹಿಂದೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಪರಿಸ್ಥಿತಿ ಬೇರೆ. ವಿಂಡೋಸ್ 10ಕ್ಕೆ 2018ರಲ್ಲಿ ಬಂದ ಏಪ್ರಿಲ್ ಅಪ್‌ಡೇಟ್‌ನಿಂದ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ವಿಂಡೋಸ್ ಜೊತೆಗೇ ಬರುತ್ತಿದೆ. ಎಷ್ಟೋ ಜನ ಅದು ತಮ್ಮ ಮಷೀನ್‌ನಲ್ಲಿ ಇದೆ ಅಂತಲೇ ಗೊತ್ತಿಲ್ಲದೆ ಬೇರೆ ಏನನ್ನೋ ಡೌನ್‌ಲೋಡ್ ಮಾಡುತ್ತಿರುತ್ತಾರೆ.

ಹಾಗಂತ ಬೇರೆಯವೆಲ್ಲ ಬೇಡ ಅಂತಲ್ಲ. ಒಂದೊಂದಕ್ಕೂ ಒಂದೊಂದು ಜಾಗ ಇದೆ. ಆದರೆ ಆರಿಸುವಾಗ ಹೆಚ್ಚಿನವರು ನೋಡೋದು ಕಿಟಕಿ ಹೇಗೆ ಕಾಣುತ್ತದೆ, ಟ್ಯಾಬ್ ಇದೆಯಾ, ಬಣ್ಣ ಬದಲಾಯಿಸಬಹುದಾ ಅಂತ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ ವಿಷಯ. ಮೊದಲು ಕೇಳಬೇಕಾದ್ದು: ನನ್ನ ಪ್ರೈವೇಟ್ ಕೀ, ಅಂದರೆ ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಫೈಲ್, ಎಲ್ಲಿ ಕೂರುತ್ತದೆ? ನನ್ನ ಸರ್ವರ್‌ಗಳ ಪಟ್ಟಿ ಎಲ್ಲಿ ಉಳಿಯುತ್ತದೆ? ನಾಳೆ ಲ್ಯಾಪ್‌ಟಾಪ್ ಬದಲಾದರೆ ಎರಡನ್ನೂ ಎತ್ತಿಕೊಂಡು ಹೋಗೋದು ಎಷ್ಟು ಸುಲಭ? ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದಂತೆ.

ಒಳಗೇ ಇರುವ ಓಪನ್‌ಎಸ್‌ಎಸ್‌ಎಚ್

ಇದೆಯೋ ಇಲ್ಲವೋ ನೋಡಲು ಪವರ್‌ಶೆಲ್ ತೆರೆದು ಎಸ್‌ಎಸ್‌ಎಚ್ ಅಂತ ಮೂರಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಬಳಸುವ ವಿಧಾನದ ಉದ್ದ ಪಟ್ಟಿ ಬಂದರೆ ಇದೆ. ‘ಇಂಥ ಕಮಾಂಡ್ ಇಲ್ಲ’ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಹುಡುಕಿ, ಅಲ್ಲಿಂದ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಸೇರಿಸಿ. ಅದರ ಪಕ್ಕದಲ್ಲೇ ಓಪನ್‌ಎಸ್‌ಎಸ್‌ಎಚ್ ಸರ್ವರ್ ಅಂತಲೂ ಕಾಣುತ್ತದೆ. ಅದು ಬೇಡ. ಅದನ್ನು ಹಾಕುವುದು ಹೊರಗಿನವರು ನಿಮ್ಮ ವಿಂಡೋಸ್ ಒಳಗೆ ಬರೋದಕ್ಕೆ.

ಸರ್ವರ್‌ಗೆ ಹೋಗಲು ಒಂದೇ ಸಾಲು ಸಾಕು. ಎಸ್‌ಎಸ್‌ಎಚ್, ಒಂದು ಸ್ಪೇಸ್, ಸರ್ವರ್‌ನಲ್ಲಿನ ನಿಮ್ಮ ಯೂಸರ್‌ನೇಮ್, ಆಟ್ ಚಿಹ್ನೆ, ಸರ್ವರ್‌ನ ವಿಳಾಸ. ಪೋರ್ಟ್ 22 ಆಗಿದ್ದರೆ ಹೇಳಬೇಕಾಗಿಲ್ಲ. ಮೊದಲ ಸಲ ಹೋದಾಗ ಸರ್ವರ್‌ನ ಫಿಂಗರ್‌ಪ್ರಿಂಟ್ (ಅದರ ಗುರುತಿನ ಅಕ್ಷರಸಾಲು) ತೋರಿಸಿ, ಮುಂದುವರಿಯಲಾ ಅಂತ ಕೇಳುತ್ತದೆ. ಎಲ್ಲರೂ ಕಣ್ಣು ಮುಚ್ಚಿ ಯೆಸ್ ಅಂತಾರೆ. ಕ್ಲೌಡ್ ಕಂಪನಿಯ ಕನ್ಸೋಲ್‌ನಲ್ಲೋ ಸಿಸ್ಟಮ್ ಅಡ್ಮಿನ್ ಬಳಿಯೋ ಅದೇ ಫಿಂಗರ್‌ಪ್ರಿಂಟ್ ಸಿಗುವಂತಿದ್ದರೆ ಒಮ್ಮೆ ಹೋಲಿಸಿ ನೋಡಿ. ಆಮೇಲೆ ಯಾವತ್ತಾದರೂ ‘ಸರ್ವರ್‌ನ ಗುರುತು ಬದಲಾಗಿದೆ’ ಅಂತ ದೊಡ್ಡ ಎಚ್ಚರಿಕೆ ಬಂದರೆ, ಸರ್ವರನ್ನು ಯಾರಾದರೂ ಹೊಸದಾಗಿ ಕಟ್ಟಿದರಾ ಅಂತ ಕೇಳಿ ತಿಳಿದುಕೊಂಡೇ ಮುಂದೆ ಹೋಗಿ.

ಪಾಸ್‌ವರ್ಡ್ ಬದಲು ಕೀ ಬಳಸೋದು ವಾಸಿ. ಎಸ್‌ಎಸ್‌ಎಚ್-ಕೀಜೆನ್ ಓಡಿಸಿದರೆ ಎರಡು ಫೈಲ್ ಹುಟ್ಟುತ್ತವೆ. ಕೀಯ ಬಗೆಯಾಗಿ ಇಡಿ25519 ಕೊಡಿ. 2023ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.5ರಿಂದ ಏನೂ ಹೇಳದಿದ್ದರೂ ಅದೇ ಆಗುತ್ತದೆ. ಪಾಸ್‌ಫ್ರೇಸ್, ಅಂದರೆ ಕೀ ಫೈಲ್‌ಗೇ ಹಾಕುವ ಪಾಸ್‌ವರ್ಡ್, ಕೇಳಿದಾಗ ಖಾಲಿ ಬಿಡಬೇಡಿ. ಫೈಲ್‌ಗಳು ನಿಮ್ಮ ಯೂಸರ್ ಫೋಲ್ಡರ್‌ನಲ್ಲಿರುವ ಡಾಟ್ ಎಸ್‌ಎಸ್‌ಎಚ್ ಅನ್ನುವ ಫೋಲ್ಡರ್‌ಗೆ ಹೋಗುತ್ತವೆ. ಕೊನೆಗೆ ಡಾಟ್ ಪಬ್ ಅಂತ ಇರೋದು ಪಬ್ಲಿಕ್ ಕೀ, ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಇನ್ನೊಂದನ್ನು ಮೇಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಎಲ್ಲೂ ಕಳಿಸಬೇಡಿ.

ಲಿನಕ್ಸ್‌ನಲ್ಲಿ ಪಬ್ಲಿಕ್ ಕೀಯನ್ನು ಸರ್ವರ್‌ಗೆ ತಲುಪಿಸಲು ಎಸ್‌ಎಸ್‌ಎಚ್-ಕಾಪಿ-ಐಡಿ ಅನ್ನುವ ಪುಟ್ಟ ಸಹಾಯಕ ಇದೆ. ವಿಂಡೋಸ್ ಜೊತೆ ಬರುವ ಕಟ್ಟಿನಲ್ಲಿ ಅದು ಇಲ್ಲ. ಪಬ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಒಳಗಿನ ಒಂದೇ ಸಾಲನ್ನು ಕಾಪಿ ಮಾಡಿ, ಸರ್ವರ್‌ನಲ್ಲಿರುವ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ನ ಆಥರೈಸ್ಡ್ ಕೀಸ್ ಫೈಲ್‌ನ ಕೊನೆಗೆ ನೀವೇ ಸೇರಿಸಬೇಕು. ಸಾಲು ಮಧ್ಯದಲ್ಲಿ ಮುರಿಯಬಾರದು. ಸರ್ವರ್‌ನಲ್ಲಿ ಆ ಫೋಲ್ಡರ್‌ಗೆ 700, ಫೈಲ್‌ಗೆ 600 ಅನುಮತಿ ಇರಲಿ, ಅಂದರೆ ನಿಮಗೆ ಮಾತ್ರ ತೆರೆದಿರಲಿ. ಇಲ್ಲದಿದ್ದರೆ ಸರ್ವರ್ ಕೀಯನ್ನು ಕಡೆಗಣಿಸಿ ಮತ್ತೆ ಪಾಸ್‌ವರ್ಡ್ ಕೇಳುವ ಸಾಧ್ಯತೆ ಇದೆ, ಯಾಕೆ ಅಂತಲೂ ಹೇಳದೆ.

ಈ ಕ್ಲೈಂಟ್‌ನ ನಿಜವಾದ ಬಲ ಕಾನ್ಫಿಗ್ ಫೈಲ್. ಅದೇ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಕಾನ್ಫಿಗ್ ಅನ್ನುವ ಸಾದಾ ಟೆಕ್ಸ್ಟ್ ಫೈಲ್ ಇಟ್ಟು, ಪ್ರತಿ ಸರ್ವರ್‌ಗೂ ನಾಲ್ಕು ಸಾಲು ಬರೆದುಕೊಳ್ಳಬಹುದು. ಒಂದು ಅಡ್ಡಹೆಸರು, ವಿಳಾಸ, ಯೂಸರ್, ಯಾವ ಕೀ. ಆಮೇಲೆ ಎಸ್‌ಎಸ್‌ಎಚ್ ಪಕ್ಕ ಅಡ್ಡಹೆಸರು ಹೊಡೆದರೆ ಸಾಕು. ನಡುವೆ ಒಂದು ಸರ್ವರ್ ದಾಟಿಯೇ ಒಳಗೆ ಹೋಗಬೇಕಿದ್ದರೆ ಪ್ರಾಕ್ಸಿಜಂಪ್ ಅನ್ನುವ ಒಂದು ಸಾಲು ಜಾಸ್ತಿ. ಎದ್ದು ಟೀ ಕುಡಿದು ಬರುವಷ್ಟರಲ್ಲಿ ಸಂಪರ್ಕ ಹೆಪ್ಪುಗಟ್ಟುತ್ತದೆ ಅನ್ನುವವರು ಸರ್ವರ್‌ಅಲೈವ್‌ಇಂಟರ್ವಲ್ 60 ಅಂತ ಹಾಕಿಕೊಳ್ಳಿ. ಮುಖ್ಯವಾಗಿ, ಇದೇ ಫೈಲ್ ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನ ರಿಮೋಟ್ ಎಸ್‌ಎಸ್‌ಎಚ್ ಕೂಡ ಇದನ್ನೇ ಓದಿ ನಿಮ್ಮ ಸರ್ವರ್ ಪಟ್ಟಿ ತೋರಿಸುತ್ತದೆ. ಒಂದು ಸಲ ಬರೆದದ್ದು ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ.

ಆದರೆ ಇಲ್ಲೊಂದು ವಿಂಡೋಸ್ ಕಿತಾಪತಿ ಇದೆ. ನೋಟ್‌ಪ್ಯಾಡ್‌ನಲ್ಲಿ ಬರೆದು ಸೇವ್ ಮಾಡಿದರೆ ಹೆಸರಿನ ಹಿಂದೆ ಡಾಟ್ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ. ಎಕ್ಸ್‌ಪ್ಲೋರರ್ ಆ ಬಾಲವನ್ನು ಮುಚ್ಚಿಡುವುದರಿಂದ ನೋಡೋದಕ್ಕೆ ಎಲ್ಲ ಸರಿಯಾಗೇ ಇರುತ್ತದೆ, ಎಸ್‌ಎಸ್‌ಎಚ್ ಮಾತ್ರ ಫೈಲನ್ನು ಓದೋದೇ ಇಲ್ಲ. ಸೇವ್ ಆಸ್‌ನಲ್ಲಿ ‘ಆಲ್ ಫೈಲ್ಸ್’ ಆರಿಸಿ. ಹಳೆಯ ಪವರ್‌ಶೆಲ್‌ನಲ್ಲಿ ಬಾಣದ ಗುರುತು (>) ಬಳಸಿ ಫೈಲ್ ಮಾಡಿದರೆ ಅದು ಯುಟಿಎಫ್-16ರಲ್ಲಿ ಕೂರುತ್ತದೆ, ಅದನ್ನೂ ಎಸ್‌ಎಸ್‌ಎಚ್ ಒಪ್ಪೋದಿಲ್ಲ.

ಪ್ರತಿ ಸಲ ಪಾಸ್‌ಫ್ರೇಸ್ ಹೊಡೆಯಲು ಬೇಸರವಾದರೆ, ಕೀಯನ್ನು ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟ್ ಇದೆ. ವಿಂಡೋಸ್‌ನಲ್ಲಿ ಅದೊಂದು ಸರ್ವೀಸ್, ಸಾಮಾನ್ಯವಾಗಿ ಡಿಸೇಬಲ್ ಆಗಿರುತ್ತದೆ. ಸರ್ವೀಸಸ್ ಪಟ್ಟಿಯಲ್ಲಿ ಓಪನ್‌ಎಸ್‌ಎಸ್‌ಎಚ್ ಅಥೆಂಟಿಕೇಷನ್ ಏಜೆಂಟ್ ಹುಡುಕಿ ಆಟೋಮ್ಯಾಟಿಕ್ ಮಾಡಿ, ಸ್ಟಾರ್ಟ್ ಮಾಡಿ, ಆಮೇಲೆ ಎಸ್‌ಎಸ್‌ಎಚ್-ಆ್ಯಡ್ ಕೊಟ್ಟು ಕೀ ಸೇರಿಸಿ. ಸರ್ವೀಸ್ ಬದಲಾಯಿಸಲು ಅಡ್ಮಿನ್ ಅನುಮತಿ ಬೇಕು. ಲಿನಕ್ಸ್‌ನ ಏಜೆಂಟ್ ಮಷೀನ್ ಆಫ್ ಮಾಡಿದ ಕೂಡಲೇ ಎಲ್ಲ ಮರೆಯುತ್ತದೆ. ವಿಂಡೋಸ್‌ನದ್ದು ಮರೆಯೋದಿಲ್ಲ. ಕೀಯನ್ನು ನಿಮ್ಮ ವಿಂಡೋಸ್ ಅಕೌಂಟ್‌ಗೆ ಕಟ್ಟಿ, ಎನ್‌ಕ್ರಿಪ್ಟ್ ಮಾಡಿ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್ ಭಂಡಾರದಲ್ಲಿ) ಇಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಆದರೂ ಕೀ ಅಲ್ಲೇ ಇರುತ್ತದೆ. ಒಬ್ಬರೇ ಬಳಸುವ ಲ್ಯಾಪ್‌ಟಾಪ್‌ಗೆ ಇದು ಆರಾಮ. ಮನೆಮಂದಿಯೆಲ್ಲ ಒಂದೇ ಅಕೌಂಟ್‌ನಲ್ಲಿ ಲಾಗಿನ್ ಆಗುವ ಕಂಪ್ಯೂಟರ್ ಆದರೆ ಬೇಡ.

ಕೊರತೆಗಳೂ ಇವೆ. ಒಂದೇ ಸಂಪರ್ಕವನ್ನು ಹಲವು ಕಿಟಕಿಗಳಿಗೆ ಹಂಚುವ ಕಂಟ್ರೋಲ್‌ಮಾಸ್ಟರ್ ಇದರಲ್ಲಿ ನಡೆಯುವುದಿಲ್ಲ. ಕ್ಲೌಡ್‌ನಿಂದ ಇಳಿಸಿಕೊಂಡ, ಪ್ರೈವೇಟ್ ಕೀ ಇರುವ ಡಾಟ್ ಪೆಮ್ ಫೈಲ್ ಕೊಟ್ಟರೆ ಕೆಲವೊಮ್ಮೆ ‘ಕೀ ಫೈಲ್‌ಗೆ ರಕ್ಷಣೆ ಇಲ್ಲ’ ಅಂತ ಬೈದು ತಳ್ಳಿಬಿಡುತ್ತದೆ. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿಗೆ ಹೋಗಿ, ಇನ್‌ಹೆರಿಟೆನ್ಸ್ ತೆಗೆದು, ನಿಮ್ಮ ಹೆಸರು ಮಾತ್ರ ಉಳಿಸಬೇಕು. ಪೆಮ್ ಫೈಲನ್ನೂ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ಗೆ ತಂದಿಡಿ.

ಇದನ್ನೆಲ್ಲ ಹಳೆಯ ಕಪ್ಪು ಕಿಟಕಿಯಲ್ಲಿ ಮಾಡಬೇಡಿ. 2020ರಲ್ಲಿ 1.0 ಆಗಿ ಬಂದ ವಿಂಡೋಸ್ ಟರ್ಮಿನಲ್ ಬಳಸಿ. ಟ್ಯಾಬ್ ಇದೆ, ಕಿಟಕಿಯನ್ನು ಸೀಳಬಹುದು. ಹಲವು ಸಾಲು ಪೇಸ್ಟ್ ಮಾಡಿದರೆ ಎಚ್ಚರಿಸುತ್ತದೆ.

ಪುಟ್ಟಿ: ಹಳಬ, ಆದರೆ ನಿವೃತ್ತನಲ್ಲ

ಸೈಮನ್ ಟಾಥಮ್ ಬರೆದ ಪುಟ್ಟಿ ತೊಂಬತ್ತರ ದಶಕದ ಕೊನೆಯಿಂದ ಇದೆ. ಇನ್‌ಸ್ಟಾಲ್ ಮಾಡದೆ ಒಂದೇ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಿಸಬಹುದು. ಅಡ್ಮಿನ್ ಅನುಮತಿಯೂ ಬೇಡ.

ಪುಟ್ಟಿ ಇವತ್ತಿಗೂ ಮೇಲು ಅನ್ನಿಸುವ ಜಾಗ ನೆಟ್‌ವರ್ಕ್ ಕೆಲಸ. ಹೊಸ ಸ್ವಿಚ್‌ಗೆ ಕನ್ಸೋಲ್ ಕೇಬಲ್ ಚುಚ್ಚಿ, ಸೀರಿಯಲ್ ಆರಿಸಿ, 9600 ವೇಗ ಕೊಟ್ಟು ಒಳಗೆ ಹೋಗಬೇಕಿದ್ದರೆ ಓಪನ್‌ಎಸ್‌ಎಸ್‌ಎಚ್‌ಗೆ ಅದು ಆಗದ ಮಾತು. ಹಳೆಯ ರೌಟರ್‌ಗಳದ್ದೂ ಇದೇ ಕತೆ. ಓಪನ್‌ಎಸ್‌ಎಸ್‌ಎಚ್ 2021ರಲ್ಲಿ 8.8ನೇ ಆವೃತ್ತಿಯಿಂದ ಶಾ-1 ಆಧಾರಿತ ಆರ್‌ಎಸ್‌ಎ ಸಹಿಯನ್ನು (ಗುರುತು ಖಚಿತಪಡಿಸುವ ಹಳೆಯ, ದುರ್ಬಲ ವಿಧಾನ) ತಾನಾಗಿ ಒಪ್ಪುವುದನ್ನು ನಿಲ್ಲಿಸಿತು. ಹಾಗಾಗಿ ಹತ್ತು ಹದಿನೈದು ವರ್ಷದ ಉಪಕರಣಕ್ಕೆ ಹೋದರೆ ‘ಹೊಂದುವ ಆಲ್ಗರಿದಂ ಸಿಗಲಿಲ್ಲ’ ಅಂತ ವಾಪಸ್ ಬರುತ್ತೀರಿ. ಕಾನ್ಫಿಗ್‌ನಲ್ಲಿ ಆ ಒಂದು ಉಪಕರಣಕ್ಕೆ ಮಾತ್ರ ಹಳೆಯ ವಿಧಾನಕ್ಕೆ ಅನುಮತಿ ಕೊಡಬಹುದು, ಆದರೆ ಪುಟ್ಟಿ ಸಾಮಾನ್ಯವಾಗಿ ಒಂದು ಎಚ್ಚರಿಕೆ ತೋರಿಸಿ ಒಳಗೆ ಬಿಡುತ್ತದೆ.

ನನಗೆ ಪುಟ್ಟಿಯಲ್ಲಿ ಹಿಡಿಸದ್ದು ಬೇರೆ. ಮೊದಲು ಕೇಳಿದ ಪ್ರಶ್ನೆಗೆ ಅದರ ಉತ್ತರ ಚೆನ್ನಾಗಿಲ್ಲ. ಸೆಷನ್‌ಗಳ ಪಟ್ಟಿ, ಸರ್ವರ್ ಗುರುತುಗಳು ಎಲ್ಲ ವಿಂಡೋಸ್ ರಿಜಿಸ್ಟ್ರಿಯಲ್ಲಿ ಹೂತುಹೋಗಿರುತ್ತವೆ. ಪುಟ್ಟಿಯ ಫೈಲನ್ನು ಹೊಸ ಲ್ಯಾಪ್‌ಟಾಪ್‌ಗೆ ಒಯ್ದರೂ ಪಟ್ಟಿ ಬರೋದಿಲ್ಲ, ರಿಜಿಸ್ಟ್ರಿಯ ಆ ಭಾಗವನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಕೀಗೂ ಅದರದ್ದೇ ಆದ ಪಿಪಿಕೆ ರೂಪ. ಪೆಮ್ ಫೈಲನ್ನು ಪುಟ್ಟಿಯ ಜೊತೆಗಾರ ಪುಟ್ಟಿಜೆನ್‌ಗೆ ಕೊಟ್ಟು ಪಿಪಿಕೆ ಮಾಡಿಸಿಕೊಳ್ಳಬೇಕು. ಸೆಟ್ಟಿಂಗ್ ಬದಲಾಯಿಸುವ ಕ್ರಮವೂ ವಿಚಿತ್ರ. ಸೆಷನ್ ಲೋಡ್ ಮಾಡಿ, ಇನ್ನೆಲ್ಲೋ ಒಳಗೆ ಹೋಗಿ ಕೀ ತೋರಿಸಿ, ಮತ್ತೆ ಮೊದಲ ಪುಟಕ್ಕೆ ಬಂದು ಸೇವ್ ಒತ್ತಬೇಕು. ಕೊನೆಯದನ್ನು ಮರೆತರೆ ಮಾಡಿದ್ದೆಲ್ಲ ಹೋಯಿತು. ಇನ್ನು ಬಲ ಕ್ಲಿಕ್ ಮಾಡಿದ ಕೂಡಲೇ ಪೇಸ್ಟ್ ಆಗುವ ಅಭ್ಯಾಸ ಹೊಸಬರಿಗೆ ಅಪಾಯವೇ. ಕ್ಲಿಪ್‌ಬೋರ್ಡ್‌ನಲ್ಲಿ ನಾಲ್ಕು ಸಾಲಿದ್ದರೆ ನಾಲ್ಕೂ ಸರ್ವರ್‌ನಲ್ಲಿ ಓಡಿಬಿಡಬಹುದು.

ಪುಟ್ಟಿ ಬಳಸುವವರು ಆವೃತ್ತಿ ನೋಡಿಕೊಳ್ಳಲೇಬೇಕು. 2024ರ ಏಪ್ರಿಲ್‌ನಲ್ಲಿ ಒಂದು ಗಂಭೀರ ದೋಷ ಹೊರಬಂತು. 0.68ರಿಂದ 0.80ರವರೆಗಿನ ಪುಟ್ಟಿಯಲ್ಲಿ ಇಸಿಡಿಎಸ್‌ಎ ಪಿ-521 ಬಗೆಯ ಕೀ ಬಳಸಿದ್ದರೆ, ಸುಮಾರು 60 ಸಹಿಗಳನ್ನು ಕಲೆಹಾಕಿದವರು ಪ್ರೈವೇಟ್ ಕೀಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. 0.81ರಲ್ಲಿ ಸರಿಪಡಿಸಿದರು. ಆದರೆ ಪುಟ್ಟಿ ಅಪ್‌ಡೇಟ್ ಮಾಡಿದರೆ ಸಾಲದು. ಆ ಬಗೆಯ ಹಳೆಯ ಕೀ ಇದ್ದರೆ ಅದನ್ನು ಎಲ್ಲ ಸರ್ವರ್‌ಗಳಿಂದ ಕಿತ್ತು ಹೊಸದು ಹಾಕಬೇಕು. ಇಡಿ25519, ಆರ್‌ಎಸ್‌ಎ ಕೀಗಳಿಗೆ ಇದು ತಟ್ಟಲಿಲ್ಲ.

ಡೌನ್‌ಲೋಡ್ ಬಗ್ಗೆಯೂ ಒಂದು ಮಾತು. ಹುಡುಕಾಟದ ಜಾಹೀರಾತಿನಲ್ಲಿ ನಕಲಿ ಪುಟ್ಟಿ, ನಕಲಿ ವಿನ್‌ಎಸ್‌ಸಿಪಿ ಹಂಚುವ ದಂಧೆ ಹಳೆಯದು. ಪುಟ್ಟಿ ಡಾಟ್ ಆರ್ಗ್ ಅನ್ನುವ ವಿಳಾಸ ಕೂಡ ಪುಟ್ಟಿ ಬರೆದವರದ್ದಲ್ಲ. ಟಾಥಮ್ ಅವರ ಸ್ವಂತ ಪುಟದಿಂದಲೋ ಮೈಕ್ರೋಸಾಫ್ಟ್ ಸ್ಟೋರ್‌ನಿಂದಲೋ ತೆಗೆದುಕೊಳ್ಳಿ. ಸರ್ವರ್‌ನ ಬೀಗದಕೈ ಹಿಡಿಯುವ ಸಾಫ್ಟ್‌ವೇರ್ ಇದು, ಸುಮ್ನೆ ಮೊದಲು ಸಿಕ್ಕಿದ್ದನ್ನು ಒತ್ತಬಾರದು.

ಡಬ್ಲ್ಯುಎಸ್‌ಎಲ್ ಮತ್ತು ಗಿಟ್ ಬ್ಯಾಷ್

ದಿನವಿಡೀ ಲಿನಕ್ಸ್ ಸರ್ವರ್‌ಗಳ ಜೊತೆಗೇ ಕೆಲಸ ಅನ್ನುವವರಿಗೆ ಡಬ್ಲ್ಯುಎಸ್‌ಎಲ್ ಅತಿ ಸುಖ. ವಿಂಡೋಸ್ ಒಳಗೇ ನಿಜವಾದ ಉಬುಂಟು ಲಿನಕ್ಸ್. ಎಸ್‌ಎಸ್‌ಎಚ್-ಕಾಪಿ-ಐಡಿ, ಫೈಲ್ ನಕಲಿಸುವ ಆರ್‌ಸಿಂಕ್, ಕಂಟ್ರೋಲ್‌ಮಾಸ್ಟರ್, ಹಲವು ಸರ್ವರ್‌ಗಳನ್ನು ಒಟ್ಟಿಗೆ ಸಂಭಾಳಿಸುವ ಆನ್ಸಿಬಲ್, ಎಲ್ಲ ಸಿಗುತ್ತದೆ. ನೆಟ್ ಆಗಾಗ ಕೈಕೊಡುವ ಊರಿನಿಂದ ಕೆಲಸ ಮಾಡುವವರಿಗೆ ಇನ್ನೊಂದು ಕಾರಣ ಇದೆ, ಅದು ಮಾಷ್. ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾರಿದರೂ ಸೆಷನ್ ಸಾಯೋದಿಲ್ಲ. ಸರ್ವರ್‌ನಲ್ಲೂ ಮಾಷ್ ಇರಬೇಕು, ಯುಡಿಪಿ ಪೋರ್ಟ್ ತೆರೆದಿರಬೇಕು. ಅಷ್ಟು ಅಧಿಕಾರ ಇಲ್ಲದಿದ್ದರೆ ಸರ್ವರ್‌ನಲ್ಲಿ ಟಿಮಕ್ಸ್ ಒಳಗೆ ಕೆಲಸ ಮಾಡಿ. ಸಂಪರ್ಕ ಹೋದರೂ ಕೆಲಸ ಅಲ್ಲಿ ನಡೆಯುತ್ತಿರುತ್ತದೆ. ಇದು ಯಾವ ಕ್ಲೈಂಟ್ ಇದ್ದರೂ ಅನ್ವಯ.

ಡಬ್ಲ್ಯುಎಸ್‌ಎಲ್ ಹಾಕಲು ಅಡ್ಮಿನ್ ಅನುಮತಿ, ಬಯಾಸ್‌ನಲ್ಲಿ ವರ್ಚುವಲೈಸೇಷನ್, ಒಂದು ರೀಸ್ಟಾರ್ಟ್ ಬೇಕು. ಕೀಯನ್ನು ಲಿನಕ್ಸ್ ಭಾಗದ ಹೋಮ್ ಫೋಲ್ಡರ್‌ನಲ್ಲೇ ಇಡಿ. ಸಿ ಡ್ರೈವ್‌ನಲ್ಲಿರುವ ಕೀಯನ್ನು ಅಲ್ಲಿಂದಲೇ ಬಳಸಲು ಹೋದರೆ ಅದರ ಅನುಮತಿ ಎಲ್ಲರಿಗೂ ತೆರೆದಂತೆ ಕಾಣುತ್ತದೆ, ಎಸ್‌ಎಸ್‌ಎಚ್ ಒಲ್ಲೆ ಅನ್ನುತ್ತದೆ. ಆಫೀಸ್ ವಿಪಿಎನ್ ಹಾಕಿದಾಗ ಡಬ್ಲ್ಯುಎಸ್‌ಎಲ್ ಒಳಗಿಂದ ಮಾತ್ರ ಸರ್ವರ್ ಸಿಗದೆ ಪರದಾಡುವುದೂ ಉಂಟು. ತಿಂಗಳಿಗೊಮ್ಮೆ ಒಂದು ಬ್ಲಾಗ್ ಸರ್ವರ್ ನೋಡಲು ಇಷ್ಟೆಲ್ಲ ಬೇಕಿಲ್ಲ.

ಕೋಡ್‌ನ ಆವೃತ್ತಿಗಳನ್ನು ನಿಭಾಯಿಸುವ ಗಿಟ್ ಫಾರ್ ವಿಂಡೋಸ್ ಹಾಕಿದವರಿಗೆ ಗಿಟ್ ಬ್ಯಾಷ್ ಜೊತೆ ಇನ್ನೊಂದು ಓಪನ್‌ಎಸ್‌ಎಸ್‌ಎಚ್ ಪುಕ್ಕಟೆ ಬಂದಿರುತ್ತದೆ. ಅದರಲ್ಲಿ ಎಸ್‌ಎಸ್‌ಎಚ್-ಕಾಪಿ-ಐಡಿ ಕೂಡ ಇದೆ, ಕೀ ತಲುಪಿಸಲು ಅದನ್ನೇ ಬಳಸಿಕೊಳ್ಳಿ. ಗೊಂದಲ ಶುರುವಾಗೋದು ಎರಡು ಎಸ್‌ಎಸ್‌ಎಚ್ ಇರೋದರಿಂದ. ವಿಂಡೋಸ್ ಏಜೆಂಟ್‌ಗೆ ಕೀ ಸೇರಿಸಿರುತ್ತೀರಿ, ಆದರೂ ಗಿಟ್ ಪುಷ್ ಮಾಡಿದಾಗ ಪಾಸ್‌ಫ್ರೇಸ್ ಕೇಳುತ್ತದೆ. ಯಾಕೆಂದರೆ ಗಿಟ್ ತನ್ನದೇ ಎಸ್‌ಎಸ್‌ಎಚ್ ಬಳಸುತ್ತಿದೆ, ಅದಕ್ಕೆ ವಿಂಡೋಸ್ ಏಜೆಂಟ್ ಗೊತ್ತಿಲ್ಲ. ಗಿಟ್‌ನ ಸೆಟ್ಟಿಂಗ್‌ನಲ್ಲಿ ಎಸ್‌ಎಸ್‌ಎಚ್ ಕಮಾಂಡ್ ಆಗಿ ವಿಂಡೋಸ್‌ನದ್ದನ್ನೇ ತೋರಿಸಿದರೆ ಸರಿಹೋಗುತ್ತದೆ.

ಕಿಟಕಿ, ಬಟನ್ ಬೇಕು ಅನ್ನುವವರಿಗೆ

ಮೊಬಾಎಕ್ಸ್‌ಟರ್ಮ್ ಒಂದು ದೊಡ್ಡ ಸಂತೆ. ಎಡಗಡೆ ಸರ್ವರ್ ಪಟ್ಟಿ, ಲಾಗಿನ್ ಆದ ಕೂಡಲೇ ಸರ್ವರ್‌ನ ಫೈಲ್‌ಗಳು ಪಕ್ಕದಲ್ಲಿ, ಎಳೆದು ಹಾಕಿದರೆ ಅಪ್‌ಲೋಡ್. ಇದರಲ್ಲಿ ಎಕ್ಸ್ ಸರ್ವರ್ ಕೂಡ ಇರುವುದರಿಂದ ದೂರದ ಮಷೀನ್‌ನ ಗ್ರಾಫ್, ಚಿತ್ರದ ಕಿಟಕಿಗಳು ನಿಮ್ಮ ಪರದೆಯಲ್ಲೇ ತೆರೆದುಕೊಳ್ಳುತ್ತವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್‌ಗೆ ಲಾಗಿನ್ ಆಗಿ ಫಲಿತಾಂಶ ನೋಡಬೇಕಾದ ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ಒಳ್ಳೆ ಅನುಕೂಲ. ಉಚಿತ ಹೋಮ್ ಆವೃತ್ತಿಗೆ 12 ಸೆಷನ್, 2 ಟನೆಲ್ (ಎಸ್‌ಎಸ್‌ಎಚ್ ಒಳಗಿಂದ ಬೇರೆ ಸಂಪರ್ಕ ಸಾಗಿಸುವ ದಾರಿ) ಅನ್ನುವ ಮಿತಿ ಇದೆ. ಪೋರ್ಟಬಲ್ ಆವೃತ್ತಿ ತನ್ನ ಪಟ್ಟಿಯನ್ನು ಒಂದು ಇನಿ ಫೈಲ್‌ನಲ್ಲಿ ಇಡುತ್ತದೆ, ಹಾಗಾಗಿ ಸಾಗಿಸುವುದು ಪುಟ್ಟಿಗಿಂತ ಸುಲಭ. ಪಾಸ್‌ವರ್ಡ್ ಉಳಿಸಲಾ ಅಂತ ಕೇಳಿದರೆ ಮಾಸ್ಟರ್ ಪಾಸ್‌ವರ್ಡ್ ಹಾಕದೆ ಹೂಂ ಅನ್ನಬೇಡಿ.

ವಿನ್‌ಎಸ್‌ಸಿಪಿಯನ್ನು ಎಸ್‌ಎಸ್‌ಎಚ್ ಕ್ಲೈಂಟ್ ಅಂದುಕೊಂಡು ಹಾಕುವವರಿದ್ದಾರೆ. ಅದರ ಕೆಲಸ ಫೈಲ್ ಸಾಗಣೆ. ಅದರಲ್ಲಿ ಬಹಳ ಚೆನ್ನಾಗಿದೆ, ಉಚಿತವೂ ಹೌದು. ಕಮಾಂಡ್ ಹೊಡೆಯಲು ಬೇರೆ ಕ್ಲೈಂಟ್ ಜೊತೆಗಿರಲಿ. ಬಿಟ್‌ವೈಸ್ ಅನ್ನುವ ಕ್ಲೈಂಟ್, ಟನೆಲ್ ಹೆಚ್ಚು ಬಳಸುವವರಿಗೆ ಹೊಂದುತ್ತದೆ. ಎಸ್‌ಎಸ್‌ಎಚ್ ಮೂಲಕ ಇನ್ನೊಂದು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ಗೆ ಹೋಗುವುದನ್ನು ಒಂದೇ ಬಟನ್‌ನಲ್ಲಿ ಮಾಡಿಕೊಡುತ್ತದೆ.

ಟರ್ಮಿಯಸ್ ನೋಡಲು ಚಂದ, ಫೋನ್‌ನಲ್ಲೂ ನಡೆಯುತ್ತದೆ. ಹಣ ಕೊಟ್ಟರೆ ಸರ್ವರ್ ಪಟ್ಟಿ, ಕೀ ಎಲ್ಲ ಸಾಧನಗಳಿಗೂ ಸಿಂಕ್ ಆಗುತ್ತವೆ. ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತವೆ ನಿಜ. ಆದರೂ ನಿಮ್ಮ ಕೀ ನಿಮ್ಮ ಮಷೀನ್ ಬಿಟ್ಟು ಹೊರಗೆ ಹೋಗುತ್ತದೆ. ಸ್ವಂತ ಸರ್ವರ್ ಆದರೆ ನಿಮ್ಮಿಷ್ಟ. ಕಂಪನಿಯ ಸರ್ವರ್ ಆದರೆ ಸೆಕ್ಯುರಿಟಿ ತಂಡವನ್ನು ಕೇಳದೆ ಹಾಕಬೇಡಿ. ಬಿಗಿ ಮಾಡಿದ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಇಂಥದ್ದಕ್ಕೆಲ್ಲ ಅವಕಾಶವೇ ಇರೋದಿಲ್ಲ, ಅಲ್ಲಿ ವಿಂಡೋಸ್ ಒಳಗೇ ಇರುವ ಓಪನ್‌ಎಸ್‌ಎಸ್‌ಎಚ್ ಹೆಚ್ಚು ಅನುಕೂಲ. ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ.

ಸರ್ವರ್‌ನಲ್ಲಿ ಕನ್ನಡ ಫೈಲ್‌ಗಳಿರುವವರು ಒಂದು ವಿಷಯ ನೆನಪಿಡಿ. ಟರ್ಮಿನಲ್ ಅನ್ನುವುದು ಸಮಾನ ಚೌಕಗಳ ಜಾಲ. ಒತ್ತಕ್ಷರ, ಗುಣಿತ ಆ ಚೌಕಗಳಲ್ಲಿ ನೆಟ್ಟಗೆ ಕೂರೋದಿಲ್ಲ. ಪುಟ್ಟಿಯಲ್ಲಂತೂ ಓದೋದು ಕಷ್ಟ. ಹಾಗೆ ಕಂಡಿತು ಅಂತ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ, ಒಳಗೆ ಯುಟಿಎಫ್-8 ಸರಿಯಾಗೇ ಇರುತ್ತದೆ. ತಿದ್ದೋದಿದ್ದರೆ ವಿಎಸ್ ಕೋಡ್ ರಿಮೋಟ್‌ನಲ್ಲಿ ತೆರೆಯಿರಿ.

ಪುಟ್ಟಿಯಿಂದ ಹೊರಡುವವರಿಗೆ

ವರ್ಷಗಟ್ಟಲೆ ಪುಟ್ಟಿ ಬಳಸಿದವರು ಒಂದೇ ದಿನ ಎಲ್ಲ ಬದಲಾಯಿಸಬೇಕಿಲ್ಲ. ಪಿಪಿಕೆ ಫೈಲನ್ನು ಪುಟ್ಟಿಜೆನ್‌ನಲ್ಲಿ ತೆರೆದು, ಕನ್ವರ್ಷನ್ಸ್ ಮೆನುವಿನಿಂದ ಓಪನ್‌ಎಸ್‌ಎಸ್‌ಎಚ್ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಿ, ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿಡಿ. ಅದೇ ಕೀ ಆದ್ದರಿಂದ ಸರ್ವರ್‌ನಲ್ಲಿ ಏನೂ ಬದಲಾಯಿಸಬೇಕಿಲ್ಲ. ಸೆಷನ್‌ಗಳನ್ನು ಕಾನ್ಫಿಗ್ ಫೈಲ್‌ಗೆ ಕೈಯಾರೆ ಬರೆದುಕೊಳ್ಳಿ. ದಿನಾ ಹೋಗುವ ಸರ್ವರ್‌ಗಳನ್ನು ಮೊದಲು ಬರೆಯಿರಿ, ಉಳಿದವು ಬೇಕಾದಾಗ. ಬರೆಯುತ್ತಾ ಹೋದಂತೆ ಎಷ್ಟು ಸೆಷನ್‌ಗಳು ಸತ್ತ ಸರ್ವರ್‌ಗಳದ್ದು ಅಂತ ಗೊತ್ತಾಗುತ್ತದೆ.

ಕೀಯನ್ನು ಎರಡು ರೂಪದಲ್ಲಿ ಇಡೋದು ಬೇಡ ಅನ್ನುವವರಿಗೂ ದಾರಿ ಇದೆ. ಪುಟ್ಟಿಯ ಏಜೆಂಟ್ ಆದ ಪೇಜೆಂಟ್‌ನ ಈಚಿನ ಆವೃತ್ತಿಗೆ ಓಪನ್‌ಎಸ್‌ಎಸ್‌ಎಚ್-ಕಾನ್ಫಿಗ್ ಅನ್ನುವ ಆಯ್ಕೆ ಕೊಟ್ಟು ಓಡಿಸಿದರೆ ಒಂದು ಪುಟ್ಟ ಫೈಲ್ ಬರೆದುಕೊಡುತ್ತದೆ. ಅದನ್ನು ನಿಮ್ಮ ಕಾನ್ಫಿಗ್‌ನಲ್ಲಿ ಇನ್‌ಕ್ಲೂಡ್ ಮಾಡಿದರೆ ವಿಂಡೋಸ್‌ನ ಎಸ್‌ಎಸ್‌ಎಚ್ ಪೇಜೆಂಟ್‌ನಲ್ಲಿರುವ ಕೀಯನ್ನೇ ಬಳಸುತ್ತದೆ. ಆಗ ಸ್ವಿಚ್‌ಗೆ ಪುಟ್ಟಿ, ಸರ್ವರ್‌ಗೆ ವಿಂಡೋಸ್ ಟರ್ಮಿನಲ್, ಎರಡಕ್ಕೂ ಬೆಳಗ್ಗೆ ಒಂದೇ ಸಲ ಪಾಸ್‌ಫ್ರೇಸ್.